ಬಂಡೆಯ ಬಿರುಕಿನಿಂದ ಕಂಡ ಮಹಿಮೆ



ಭಾನುವಾರದ ಬಲಿಪೂಜೆ ಆರಂಭವಾಗಿ ಐದಾರು ನಿಮಿಷ ಕಳೆಯುವುದರೊಳಗೆ ನಾವು ಎರಡು ಕೆಲಸ ಮಾಡಿ ಮುಗಿಸಿರುತ್ತೇವೆ. ಮೊದಲು ಎದೆ ತಟ್ಟಿಕೊಂಡು ಪಾಪಗಳನ್ನು ಒಪ್ಪಿಕೊಂಡು ದಯೆಗಾಗಿ ಬೇಡುತ್ತೇವೆ. ಅದರ ಬೆನ್ನಿಗೇ ಮಹಿಮಾಗೀತೆ ಹಾಡುತ್ತೇವೆ. ಬೇಡುವ ದನಿಯಿಂದ ಹಾಡುವ ದನಿಗೆ ದಾಟಲು ನಡುವೆ ಒಂದು ಉಸಿರಿನಷ್ಟು ಬಿಡುವೂ ಇಲ್ಲ. ಅಷ್ಟೇ ಅಲ್ಲ, ಆ ಮಹಿಮಾಗೀತೆಯ ನಡುವೆಯೇ ಮತ್ತೆ ದಯೆಯ ಬೇಡಿಕೆ ಬರುತ್ತದೆ, ಗಮನಿಸಿದ್ದೀರಾ? ಆಗಮನಕಾಲದ, ತಪಸ್ಸುಕಾಲದ ಭಾನುವಾರಗಳಲ್ಲಿ ಮಹಿಮಾಗೀತೆಯನ್ನು ಬಿಡುತ್ತೇವೆ. ದಯೆಯ ಬೇಡಿಕೆ ಆಗಲೂ ಉಳಿಯುತ್ತದೆ.

ಇಗರ್ಜಿಯಲ್ಲಿ ಹೀಗೆ ಒಟ್ಟಿಗೆ ಇರುವುದನ್ನು ಮನೆಗೆ ಬಂದ ಮೇಲೆ ನಾವು ಬೇರ್ಪಡಿಸುತ್ತೇವೆ. ಬೆಲ್ಲದ ಡಬ್ಬಿಗೆ ಕೈ ಹಾಕಿದ ಮಗುವಿಗೆ "ದೇವರು ನೋಡ್ತಾ ಇದ್ದಾರೆ, ಶಿಕ್ಷೆ ಕೊಡ್ತಾರೆ" ಎನ್ನುತ್ತೇವೆ. ಅದೇ ಮಗು ಜ್ವರದಿಂದ ಮಲಗಿದಾಗ "ಮಾತೆ ಮರಿಯಮ್ಮನವರನ್ನು ಕೇಳಿಕೋ ಮಗಾ" ಎನ್ನುತ್ತೇವೆ. ಎರಡೂ ಮಾತು ಪ್ರೀತಿಯಿಂದಲೇ ಬಂದದ್ದು. ಆದರೆ ಮಗು ತನ್ನಷ್ಟಕ್ಕೆ ಒಂದು ಲೆಕ್ಕ ಹಾಕಿಕೊಳ್ಳುತ್ತದೆ: ದೇವರ ಮಹಿಮೆ ಎಂದರೆ ಮೇಲಿನಿಂದ ನೋಡುವ ಕಣ್ಣು, ಕರುಣೆ ಬೇಕಾದರೆ ಪಕ್ಕದ ಬಾಗಿಲಿಗೆ ಹೋಗಬೇಕು. ಅಮ್ಮನವರ ಬಿನ್ನಹ ಬೇಡವೆಂದು ನಾವು ಹೇಳುತ್ತಿಲ್ಲ. ಜಪಸರ ಬಿಟ್ಟ ಕ್ರೈಸ್ತ ಮನೆ ನಮಗೆ ಊಹಿಸಲೂ ಆಗದು. ತಂದೆ ಕೊಡಲೊಲ್ಲದ್ದನ್ನು ತಾಯಿ ಕದ್ದು ಕೊಡುತ್ತಾರೆ ಎಂಬ ಕಲ್ಪನೆ ಮಾತ್ರ ಸರಿಯಲ್ಲ.

ನಮ್ಮ ಬದುಕೂ ಇದನ್ನೇ ಕಲಿಸಿದೆಯಲ್ಲ! ದೊಡ್ಡ ಅಧಿಕಾರಿಯ ಕೋಣೆಗೆ ಹೋಗಬೇಕಾದರೆ ಗುರುತಿನವರ ಒಂದು ಮಾತು ಬೇಕು. ಗಡಿನಾಡಿನವರಾದ ನಮಗಂತೂ ಅರ್ಜಿ ಯಾವ ಭಾಷೆಯಲ್ಲಿ ಬರೆಯಬೇಕೆಂಬುದೇ ಒಂದು ಭಯ. ಮನೆಯಲ್ಲಿ ಕೊಂಕಣಿ, ಇಗರ್ಜಿಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಕುರ್ಚಿ ದೊಡ್ಡದಾದಷ್ಟೂ ಮನಸ್ಸು ಗಟ್ಟಿ ಎಂಬುದು ನಮ್ಮ ಅನುಭವ. ಆ ಅನುಭವವನ್ನೇ ನಾವು ಪರಲೋಕದ ಸಿಂಹಾಸನದವರೆಗೂ ಹೊತ್ತುಕೊಂಡು ಹೋಗುತ್ತೇವೆ.

ಪ್ರತಿಯೊಂದು ಧರ್ಮಕೇಂದ್ರದಲ್ಲೂ ಬಾಗಿಲ ಬಳಿ ನಿಂತೇ ಪೂಜೆ ಮುಗಿಸುವವರು ಕೆಲವರಿರುತ್ತಾರೆ. ಪರಮಪ್ರಸಾದಕ್ಕೆ ಸಾಲು ಏಳುವಾಗ ಮೆಲ್ಲನೆ ಹೊರಗೆ ಹೋಗಿ ಸ್ಕೂಟರಿನ ಹತ್ತಿರ ನಿಲ್ಲುತ್ತಾರೆ. ಉದಾಸೀನದವರು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕೆಲವರು ಹಾಗೆಯೂ ಇರಬಹುದು. ಆದರೆ ಅವರಲ್ಲಿ ಒಬ್ಬರೋ ಇಬ್ಬರೋ ದೇವರ ಮಹಿಮೆಯನ್ನು ಮುಂದಿನ ಬೆಂಚಿನವರಿಗಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಂಡವರು. "ಅದು ನನ್ನಂಥವನಿಗಲ್ಲ" ಎಂದು ಹತ್ತು, ಇಪ್ಪತ್ತು ವರ್ಷಗಳಿಂದ ದೂರ ನಿಂತವರು. ಈ ತಿಂಗಳ ಅಂಕಣವನ್ನು ನಾವು ಮುಖ್ಯವಾಗಿ ಅವರಿಗಾಗಿ, ಅವರ ಮನೆಯವರಿಗಾಗಿ ಬರೆಯುತ್ತಿದ್ದೇವೆ.

ದೇವರ ಮಹಿಮೆಯನ್ನು ಕಣ್ಣಾರೆ ಕಾಣಬೇಕೆಂದು ಬಾಯಿಬಿಟ್ಟು ಕೇಳಿದವರು ಮೋಶೆ. ಎಂಥ ಸಮಯದಲ್ಲಿ ಕೇಳಿದರು ಎಂಬುದು ಮುಖ್ಯ. ಜನರು ಸೀನಾಯಿ ಬೆಟ್ಟದ ಬುಡದಲ್ಲೇ ಚಿನ್ನದ ಕರುವನ್ನು ಎರಕ ಹೊಯ್ದು ಅದಕ್ಕೆ ಅಡ್ಡಬಿದ್ದಿದ್ದರು. ಮೋಶೆ ಸಿಟ್ಟಿನಿಂದ ಕಲ್ಲಿನ ಹಲಗೆಗಳನ್ನು ಎಸೆದು ಒಡೆದಿದ್ದರು. ಒಪ್ಪಂದದ ಪತ್ರವೇ ಚೂರುಚೂರಾಗಿ ಬಿದ್ದಿರುವಾಗ, ಇನ್ನು ಮುಂದೆ ದೇವರು ನಮ್ಮ ಜೊತೆ ಬರುತ್ತಾರೋ ಇಲ್ಲವೋ ಎಂದು ತಿಳಿಯದಿರುವಾಗ, ನಿಮ್ಮ ಮಹಿಮೆಯನ್ನು ತೋರಿಸಿ ಎಂದು ಅವರು ಕೇಳಿಕೊಂಡರು. ವಿಮೋಚನಾಕಾಂಡದ 33 ಮತ್ತು 34ನೇ ಅಧ್ಯಾಯಗಳನ್ನು ಈ ವಾರ ಮನೆಯಲ್ಲಿ ಓದಿ ನೋಡಿ.

ಹೀಬ್ರೂ ಭಾಷೆಯಲ್ಲಿ ಮಹಿಮೆಗೆ ಇರುವ ಪದ 'ಕಾವೋದ್'. ಅದರ ಮೂಲದಲ್ಲಿ ಇರುವುದು ಭಾರ, ತೂಕ ಎಂಬ ಅರ್ಥ. ನಾವೂ ಹೇಳುತ್ತೇವಲ್ಲ, ಅವರು ತೂಕದ ಮನುಷ್ಯ, ಅವರ ಮಾತಿಗೆ ತೂಕವಿದೆ ಎಂದು. ಮೋಶೆ ಕಾಣಬಯಸಿದ್ದು ಆ ತೂಕವನ್ನು. ದೇವರು ಅವರನ್ನು ಬಂಡೆಯ ಬಿರುಕಿನಲ್ಲಿ ನಿಲ್ಲಿಸಿದರು, ತಾವು ದಾಟಿಹೋಗುವ ತನಕ ತಮ್ಮ ಕೈಯಿಂದಲೇ ಅವರನ್ನು ಮುಚ್ಚಿದರು. ಮುಖವನ್ನು ಕಂಡ ಮನುಷ್ಯ ಬದುಕಲಾರ. ಆದುದರಿಂದ ಕೈ ಅಡ್ಡ ಹಿಡಿದದ್ದು. ಮಹಿಮೆ ಎದುರಿಗೆ ಬರುವ ಮುಂಚೆಯೇ ಕಾಪಾಡುವ ಕೈ ಬಂದಾಗಿತ್ತು.

ಆಮೇಲೆ ಮೋಶೆಗೆ ಏನು ಕಾಣಿಸಿತು? ಅಲ್ಲಿ ಬೆಂಕಿಯ ವರ್ಣನೆ ಇಲ್ಲ, ಸೈನ್ಯದ ವರ್ಣನೆಯೂ ಇಲ್ಲ. ಒಂದು ಹೆಸರು ಕೇಳಿಸಿತು. ಸರ್ವೇಶ್ವರ ತಮ್ಮ ಹೆಸರನ್ನು ತಾವೇ ಸಾರಿ ಹೇಳಿದರು. ಆ ಹೆಸರಿನ ಜೊತೆ ಮೊದಲು ಬಂದ ಗುಣವಾಚಕವೇ ಕರುಣಾಮಯಿ ಎಂಬುದು. ಬಳಿಕ ಕೃಪೆ, ತಡವಾಗಿ ಬರುವ ಕೋಪ, ಮುಗಿಯದ ಪ್ರೀತಿ. ಮಹಿಮೆಯನ್ನು ತೋರಿಸಿ ಎಂದು ಕೇಳಿದವರಿಗೆ ಕರುಣೆಯನ್ನು ತೋರಿಸಲಾಯಿತು.

ಅಪರಾಧವನ್ನು ದೇವರು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವುದಿಲ್ಲ ಎಂಬ ಮಾತೂ ಅದೇ ಜಾಗದಲ್ಲಿ ಇದೆ. ಪ್ರಸಂಗ ಮಾಡುವವರಲ್ಲಿ ಕೆಲವರು ಅದನ್ನು ಹಾರಿಸಿಬಿಡುತ್ತಾರೆ, ಇನ್ನು ಕೆಲವರು ಅದೊಂದನ್ನೇ ಹಿಡಿದುಕೊಳ್ಳುತ್ತಾರೆ. ಆದರೆ ಪ್ರಮಾಣ ನೋಡಿ: ಶಿಕ್ಷೆಯ ನೆರಳು ಮೂರು ನಾಲ್ಕು ತಲೆಮಾರಿಗೆ, ಪ್ರೀತಿ ಸಾವಿರಾರಕ್ಕೆ. ಮೋಶೆ ಈ ಲೆಕ್ಕವನ್ನು ಕೂಡಲೇ ಹಿಡಿದರು. ನೆಲಕ್ಕೆ ಬಾಗಿ, ಇವರು ಬಗ್ಗದ ಕುತ್ತಿಗೆಯ ಜನ, ಆದುದರಿಂದಲೇ ನೀವು ನಮ್ಮ ನಡುವೆ ಬರಬೇಕು ಎಂದು ವಾದಿಸಿದರು. ತಪ್ಪನ್ನೇ ಕಾರಣವಾಗಿ ತೋರಿಸಿ ದಯೆ ಕೇಳುವ ಧೈರ್ಯ ಅವರಿಗೆ ಬಂದದ್ದು ಆ ಹೆಸರನ್ನು ಕೇಳಿದ ಮೇಲೆ.

ಪ್ರವಾದಿ ಯೆಶಾಯರಿಗೂ ಹೀಗೆಯೇ ಆಯಿತು. ಅರಸ ಉಜ್ಜೀಯ ಸತ್ತ ವರ್ಷ ದೇವಾಲಯದಲ್ಲಿ ಅವರು ಸಿಂಹಾಸನವನ್ನು ಕಂಡರು, ಹೊಸ್ತಿಲುಗಳು ಅಲುಗಾಡಿದವು, ತಾನು ಕೆಟ್ಟೆ ಎಂದುಕೊಂಡರು. ಬಲಿಪೀಠದ ಕೆಂಡ ಅವರ ತುಟಿಗೆ ತಗುಲಿತು, ಸುಡಲಿಲ್ಲ, ಶುದ್ಧಮಾಡಿತು. ಪೇತ್ರರ ಕತೆಯೂ ಅದೇ. ದೋಣಿ ಮುಳುಗುವಷ್ಟು ಮೀನು ಕಂಡು, ತನ್ನನ್ನು ಬಿಟ್ಟು ಹೋಗಬೇಕೆಂದು ಯೇಸುವಿನ ಕಾಲಿಗೆ ಬಿದ್ದರು. ಯೇಸುಸ್ವಾಮಿ ಬಿಟ್ಟು ಹೋಗಲಿಲ್ಲ, ಕೆಲಸ ಕೊಟ್ಟರು.

ಇಲ್ಲಿ ಒಂದು ಪದದ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಕರುಣೆಗೆ ಹೀಬ್ರೂವಿನಲ್ಲಿ 'ರಹಮೀಮ್' ಎಂಬ ಪದವಿದೆ. ಅದು 'ರೆಹೆಮ್' ಎಂಬ ಪದದ ಬಳಗದ್ದು, ರೆಹೆಮ್ ಎಂದರೆ ತಾಯಿಯ ಗರ್ಭ. ಮೋಶೆಗೆ ಕೇಳಿಸಿದ ಆ ಮೊದಲ ಗುಣವಾಚಕವೂ ಇದೇ ಬೇರಿನಿಂದ ಬಂದದ್ದು. ಸಂತ ಲೂಕರ ಶುಭಸಂದೇಶದ ಗ್ರೀಕ್ ಭಾಷೆಯಲ್ಲಿ ಇನ್ನೊಂದು ಪದವಿದೆ; ಅದು ಹೊಟ್ಟೆಯೊಳಗಿನ ಕರುಳುಗಳ ಹೆಸರಿನಿಂದ ಹುಟ್ಟಿದ ಕ್ರಿಯಾಪದ. ನಾಯಿನ್ ಊರಿನ ವಿಧವೆಯ ಮಗನ ಶವಯಾತ್ರೆ ಕಂಡಾಗ ಯೇಸುವಿಗೆ ಆದದ್ದು ಅದು. ದಾರಿಯಲ್ಲಿ ಬಿದ್ದವನನ್ನು ಕಂಡ ಸಮಾರಿಯದವನಿಗೆ ಆದದ್ದು ಅದು. ದೂರದಲ್ಲಿ ಬರುತ್ತಿದ್ದ ಮಗನನ್ನು ಕಂಡ ತಂದೆಗೆ ಆದದ್ದೂ ಅದೇ. ಬೇರೆ ಭಾಷೆಯವರಿಗೆ ಇದನ್ನು ವಿವರಿಸಲು ಅಡಿಟಿಪ್ಪಣಿ ಬೇಕಾದೀತು. ನಮಗೆ ಬೇಡ. ಹೆತ್ತ ಕರುಳು, ಕರುಳು ಚುರುಕ್ ಎಂದಿತು, ಕರುಳ ಕುಡಿ ಎಂದು ನಮ್ಮ ಅಜ್ಜಿಯರು ದಿನವೂ ಹೇಳುತ್ತಿದ್ದ ಮಾತು. ಕರುಣೆ ಸಂಸ್ಕೃತದಿಂದ ಬಂದದ್ದು, ಕರುಳು ಅಚ್ಚಗನ್ನಡ. ಎರಡಕ್ಕೂ ಹುಟ್ಟಿನ ನಂಟಿಲ್ಲ. ಆದರೂ ನಮ್ಮ ಕಿವಿಗೆ ಅವು ಅಕ್ಕತಂಗಿಯರಂತೆ ಕೇಳಿಸುತ್ತವೆ.

ಆ ತಂದೆ ಓಡಿದರು ಎಂದು ಲೂಕರು ಬರೆಯುತ್ತಾರೆ. ಆಳುಕಾಳು, ಹೊಲಗದ್ದೆ ಇದ್ದ ಮನೆಯ ಯಜಮಾನ. ಆ ಕಾಲದಲ್ಲಿ ಅಂಥ ಹಿರಿಯರು ಬೀದಿಯಲ್ಲಿ ಓಡುವುದು ಮರ್ಯಾದೆಗೆ ಕಡಿಮೆ ಎನ್ನುತ್ತಾರೆ ವ್ಯಾಖ್ಯಾನಕಾರರು. ಇಂದಿಗೂ ನಮ್ಮಲ್ಲಿ ಅಷ್ಟೇ ತಾನೆ? ಮಗ ಮನೆ ಬಿಟ್ಟು ಹೋಗಿ ಮರಳಿ ಬಂದರೆ, ಜಗಲಿಯ ಮೇಲೆ ಮುಖ ತಿರುಗಿಸಿ ಕುಳಿತುಕೊಳ್ಳುವುದೇ ಯಜಮಾನಿಕೆಯ ಲಕ್ಷಣ. ಈ ಯಜಮಾನ ಗೌರವವನ್ನು ಕಳೆದುಕೊಂಡರೇ? ಆ ಸಾಮತಿ ಕೇಳಿದವರು ಯಾರೂ ಹಾಗೆ ಹೇಳಲಾರರು. ಅಷ್ಟು ಜನರ ಎದುರು ಓಡಿದರೂ ಕುಗ್ಗದ ದೊಡ್ಡಸ್ತಿಕೆ ಅದು.

ಧರ್ಮಸಭೆ ಈ ಮಾತನ್ನು ತನ್ನ ಪ್ರಾರ್ಥನೆಯಲ್ಲೇ ಸೇರಿಸಿಕೊಂಡಿದೆ. ಸಾಮಾನ್ಯ ಕಾಲದ 26ನೇ ಭಾನುವಾರ, ಅಂದರೆ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಅಥವಾ ಅಕ್ಟೋಬರ್ 1ರಂದು ಬರುವ ಭಾನುವಾರ, ಪೂಜೆಯ ಆರಂಭದ ಪ್ರಾರ್ಥನೆಯನ್ನು ಕಿವಿಗೊಟ್ಟು ಕೇಳಿ. ದೇವರು ತಮ್ಮ ಸರ್ವಶಕ್ತಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ತೋರಿಸುವುದು ಕ್ಷಮಿಸುವುದರಲ್ಲಿ, ದಯೆ ತೋರುವುದರಲ್ಲಿ ಎಂಬ ಅರ್ಥದ ಮಾತು ಅಲ್ಲಿದೆ. 13ನೇ ಶತಮಾನದ ಸಂತ ಥೋಮಸ್ ಅಕ್ವಿನಾಸರು ಈ ಮಾತಿಗೆ ಕಾರಣ ಹೇಳಿದ್ದಾರೆ. ಮೇಲಿನವರ ಕಾನೂನಿಗೆ ಕಟ್ಟುಬಿದ್ದವನು ತನ್ನಿಷ್ಟದಂತೆ ಕ್ಷಮಿಸಲಾರ. ತನ್ನ ಮೇಲೆ ಯಾರೂ ಇಲ್ಲದವನೇ ಸ್ವತಂತ್ರವಾಗಿ ಕ್ಷಮಿಸಬಲ್ಲ. ನಮ್ಮ ಕಚೇರಿಯ ಹೋಲಿಕೆಗೇ ಮರಳಿದರೆ, ದಂಡ ಹಾಕುವ ರಶೀದಿ ಪುಸ್ತಕ ಗುಮಾಸ್ತರ ಮೇಜಿನಲ್ಲೇ ಇರುತ್ತದೆ, ದಂಡ ಮನ್ನಾ ಮಾಡುವ ಸಹಿ ಮಾತ್ರ ಮೇಲಿನವರದು. ಸೊಲೊಮೋನನ ಜ್ಞಾನಗ್ರಂಥದ 11ನೇ ಅಧ್ಯಾಯವೂ ಇದನ್ನೇ ಹೇಳುತ್ತದೆ: ಎಲ್ಲವನ್ನೂ ಮಾಡಬಲ್ಲವರಾದುದರಿಂದ ದೇವರು ಎಲ್ಲರಿಗೂ ಕರುಣೆ ತೋರುತ್ತಾರೆ. ಶಿಕ್ಷಿಸಲು ಕೈಯಲ್ಲಿ ಒಂದು ಕೋಲಿದ್ದರೆ ಸಾಕು.

ಇಷ್ಟೆಲ್ಲ ವೇದಗ್ರಂಥದ ಮಾತು, ನಮ್ಮ ಕಾಲದಲ್ಲಿ ಇದು ನಡೆಯುತ್ತದೆಯೇ ಎಂದು ಕೇಳುವವರಿಗೆ ನಮ್ಮದೇ ರಾಜ್ಯದ ಒಂದು ಮನೆಯ ಸಂಗತಿ ಹೇಳುತ್ತೇವೆ.

ಎರ್ನಾಕುಳಂ ಜಿಲ್ಲೆಯ ಪುಲ್ಲುವಳಿಯಲ್ಲಿ 1954ರಲ್ಲಿ ಹುಟ್ಟಿದ ಸಿಸ್ಟರ್ ರಾಣಿ ಮರಿಯಾ ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯ ಕನ್ಯಾಸ್ತ್ರೀ. ಮಧ್ಯಪ್ರದೇಶದ ಉದಯನಗರದಲ್ಲಿ ಆದಿವಾಸಿಗಳ ನಡುವೆ ಕೆಲಸ ಮಾಡುತ್ತಿದ್ದರು. ಸಾಲದ ಬಲೆಯಿಂದ ಬಿಡಿಸಿಕೊಳ್ಳುವುದು ಹೇಗೆ, ಸರ್ಕಾರದ ಸವಲತ್ತು ಪಡೆಯುವುದು ಹೇಗೆ ಎಂದು ಕಲಿಸಿದರು. ಬಡ್ಡಿಯ ಮೇಲೆ ಬದುಕುತ್ತಿದ್ದವರಿಗೆ ಇದು ಸಹಿಸಲಿಲ್ಲ. 1995ರ ಫೆಬ್ರುವರಿ 25ರಂದು ಅವರು ಬಸ್ಸಿನಲ್ಲಿ ಇಂದೋರಿಗೆ ಹೊರಟಿದ್ದಾಗ, ಸಮಂದರ್ ಸಿಂಗ್ ಎಂಬ ಯುವಕ ಪ್ರಯಾಣಿಕರೆಲ್ಲರ ಕಣ್ಣೆದುರೇ ಅವರನ್ನು ಇರಿದು ಕೊಂದ. ಮೈಮೇಲೆ 50ಕ್ಕೂ ಹೆಚ್ಚು ಗಾಯಗಳಿದ್ದವು. ಅವರಿಗೆ ಆಗ 41 ವರ್ಷ. ಸಮಂದರನಿಗೆ ಜೀವಾವಧಿ ಶಿಕ್ಷೆಯಾಯಿತು.

ರಾಣಿ ಮರಿಯಾರ ಸ್ವಂತ ತಂಗಿ ಸಿಸ್ಟರ್ ಸೆಲ್ಮಿ ಪೌಲ್ ಅದೇ ಸಭೆಯ ಕನ್ಯಾಸ್ತ್ರೀ. 2002ರಲ್ಲಿ ಅವರು ಜೈಲಿಗೆ ಹೋಗಿ ಸಮಂದರನ ಕೈಗೆ ರಾಖಿ ಕಟ್ಟಿದರು. ಅಕ್ಕನನ್ನು ಇರಿದ ಕೈ ಅದು. ರಾಖಿ ಕಟ್ಟಿದ ಮೇಲೆ ಆತ ಅಣ್ಣ. ಆತನ ಬಿಡುಗಡೆಗಾಗಿ ಮನೆಯವರೇ ಅರ್ಜಿ ಹಾಕಿದರು. ಹನ್ನೊಂದು ವರ್ಷ ಜೈಲಿನಲ್ಲಿದ್ದು 2006ರಲ್ಲಿ ಆತ ಹೊರಬಂದ. ಮರುವರ್ಷ ಪುಲ್ಲುವಳಿಯ ಮನೆಗೆ ಹೋದ. ಅಲ್ಲಿ ಆ ಮುದಿ ತಾಯಿ ಆತನ ಕೈಗಳನ್ನು ಹಿಡಿದು ಮುತ್ತಿಟ್ಟರು. ಆ ಕೈಗಳಿಗೆ ತನ್ನ ಮಗಳ ರಕ್ತ ಹತ್ತಿದೆ ಎಂಬುದೇ ಅವರು ಕೊಟ್ಟ ಕಾರಣ.

ಇದನ್ನು ಓದಿ ನಿಮ್ಮಲ್ಲಿ ಕೆಲವರಿಗೆ ಸ್ವಲ್ಪ ಕಸಿವಿಸಿಯಾಗಬಹುದು. ಆಗಬೇಕು. ಸುಲಭದ ಕರುಣೆಯಾಗಿದ್ದರೆ ಆಗುತ್ತಿರಲಿಲ್ಲ. "ಹೋಗಲಿ ಬಿಡು, ಏನೂ ಆಗಲಿಲ್ಲ" ಎಂದು ಆ ತಾಯಿ ಹೇಳಲಿಲ್ಲ. ಆದದ್ದನ್ನು ಆದದ್ದೆಂದೇ ಒಪ್ಪಿಕೊಂಡು, ರಕ್ತದ ಹೆಸರನ್ನೇ ಎತ್ತಿ, ಆಮೇಲೆ ಕೈ ಹಿಡಿದರು. ಕರುಣೆಗೆ ತೂಕ ಬರುವುದು ಅಲ್ಲಿ. ಶಿಲುಬೆಯೂ ಅದೇ ತಾನೆ? ಪಾಪ ಸಣ್ಣದಾಗಿದ್ದರೆ ಅಷ್ಟು ದೊಡ್ಡ ಮರ ಬೇಕಾಗಿರಲಿಲ್ಲ. ಪುನರುತ್ಥಾನರಾದ ಪ್ರಭು ಶಿಷ್ಯರಿಗೆ ತೋರಿಸಿದ್ದು ಗಾಯದ ಗುರುತುಗಳನ್ನು. ಮಹಿಮೆಯ ದೇಹದಲ್ಲೂ ಅವು ಮಾಯಲಿಲ್ಲ. ನಮ್ಮ ಅನೇಕ ಮನೆಗಳ ಗೋಡೆಯಲ್ಲಿ ದೈವ ಕರುಣೆಯ ಚಿತ್ರ ಇದೆ, 2000ನೇ ಇಸವಿಯಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಸಂತ ಫೌಸ್ತಿನಾರಿಗೆ ಸಂತ ಪದವಿ ನೀಡಿದ ಬಳಿಕ ಅದು ಊರೂರಿಗೆ ಬಂತು. ಎದೆಯಿಂದ ಹೊರಡುವ ಎರಡು ಕಿರಣಗಳನ್ನು ಎಲ್ಲರೂ ನೋಡುತ್ತಾರೆ. ಕೈಯ, ಕಾಲಿನ ಗಾಯಗಳನ್ನೂ ಒಮ್ಮೆ ಹತ್ತಿರ ಹೋಗಿ ನೋಡಿ.

2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾರಿಗೆ ಪುನೀತರ ಪದವಿ ನೀಡಲಾಯಿತು. ನೆರೆದ ಸಾವಿರಾರು ಜನರಲ್ಲಿ ಸಮಂದರ್ ಸಿಂಗ್ ಕೂಡ ಇದ್ದ.

ಇಂಥ ದೊಡ್ಡ ಕ್ಷಮೆಯ ಕತೆ ಕೇಳಿ ಕಣ್ಣೊರೆಸಿಕೊಳ್ಳುವುದು ಸುಲಭ. ನಮ್ಮ ತೋಟದ ಗಡಿಯ ಅಗಳಿನ ಹತ್ತಿರ ಬಂದಾಗ ಮಾತೇ ಬೇರೆ! ಅಣ್ಣ ತಮ್ಮ ಒಂದೇ ಇಗರ್ಜಿಯ ಎರಡು ಬದಿಯಲ್ಲಿ ಕೂರುತ್ತಾರೆ. ಮೂರು ಅಡಿಕೆ ಮರ ಯಾರ ಪಾಲಿಗೆ ಎಂಬ ತಕರಾರು ಮಕ್ಕಳ ಮದುವೆಯ ಕರೆಯೋಲೆಯವರೆಗೂ ಬೆಳೆದಿರುತ್ತದೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ಎಂದು ಇಬ್ಬರೂ ಒಂದೇ ದನಿಯಲ್ಲಿ ಪ್ರಾರ್ಥಿಸುತ್ತಾರೆ.

ಸಂತ ಮತ್ತಾಯರ 18ನೇ ಅಧ್ಯಾಯದ ಸಾಲಗಾರನ ಸಾಮತಿಯನ್ನು ಕಾಗದ ಪೆನ್ನು ಹಿಡಿದು ಓದಬೇಕು ಎಂಬುದು ನಮ್ಮ ಅಭಿಪ್ರಾಯ. ಅವನು ರಾಜನಿಗೆ ಕೊಡಬೇಕಾದದ್ದು 10,000 ತಲಾಂತು. ಒಂದು ತಲಾಂತು ಎಂದರೆ ಸುಮಾರು 6,000 ದೆನಾರಿ; ಒಂದು ದೆನಾರಿ ಆಗಿನ ಒಂದು ದಿನದ ಕೂಲಿ. ಹಾಗಾದರೆ ಒಟ್ಟು 6 ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು. ಅವನಿಗೆ ಜೊತೆಯ ಸೇವಕ ಕೊಡಬೇಕಾಗಿದ್ದದ್ದು 100 ದೆನಾರಿ. ಇಂದು ಕೂಲಿ 800 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಕಡೆ 4,800 ಕೋಟಿ ರೂಪಾಯಿ, ಇನ್ನೊಂದು ಕಡೆ 80,000 ರೂಪಾಯಿ. ಗಮನಿಸಬೇಕಾದ್ದು, 80,000 ರೂಪಾಯಿ ಕೂಡ ಬಡವನಿಗೆ ಸಣ್ಣ ಮೊತ್ತವಲ್ಲ. ನಮಗೆ ಆದ ಅನ್ಯಾಯ ಏನೂ ಅಲ್ಲ ಎಂದು ಯೇಸುಸ್ವಾಮಿ ಹೇಳುತ್ತಿಲ್ಲ. ಇನ್ನೊಂದು ಪುಟದಲ್ಲಿರುವ ಮೊತ್ತವನ್ನೂ ನೋಡು ಎನ್ನುತ್ತಿದ್ದಾರೆ. ರಾಜ ಆ ಸಾಲವನ್ನು ಮನ್ನಾ ಮಾಡಿದ್ದು ಕರುಳಿನ ಆ ಗ್ರೀಕ್ ಕ್ರಿಯಾಪದದಿಂದಲೇ. ಅಷ್ಟು ದೊಡ್ಡ ಮೊತ್ತವನ್ನು ಬಿಟ್ಟುಕೊಟ್ಟೂ ರಾಜನಾಗಿ ಉಳಿದ ಎಂಬುದರಲ್ಲೇ ಅವನು ಎಂಥ ರಾಜ ಎಂದು ತಿಳಿಯುತ್ತದೆ.

ಬಾಗಿಲ ಬಳಿ ನಿಲ್ಲುವವರ ಮಾತು ಉಳಿದಿದೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ, ಊಟದ ಹೊತ್ತಿನಲ್ಲಿ ಎಲ್ಲರೆದುರು "ನೀವು ಪಾಪನಿವೇದನೆ ಮಾಡದೆ ಎಷ್ಟು ವರ್ಷವಾಯಿತು" ಎಂದು ದಯವಿಟ್ಟು ಕೇಳಬೇಡಿ. ಅವರಿಗೆ ವರ್ಷಗಳ ಲೆಕ್ಕ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ತಪಸ್ಸುಕಾಲದಲ್ಲಿ ನೆರೆಯ ಧರ್ಮಕೇಂದ್ರಗಳ ಗುರುಗಳು ಪಾಪನಿವೇದನೆ ಕೇಳಲು ಬರುವ ದಿನ ಯಾವುದೆಂದು ತಿಳಿಸಿದರೆ ಸಾಕು. ಪರಿಚಯದ ಗುರುಗಳ ಮುಂದೆ ಬಾಯಿ ಬಾರದವರಿಗೆ ಆ ದಿನ ಅನುಕೂಲ.

ಇನ್ನು ನೀವೇ ಅವರಾಗಿದ್ದರೆ, ಕೆಲವು ಸಣ್ಣ ಸಂಗತಿಗಳು ತಿಳಿದಿರಲಿ. ಅಲ್ಲಿ ಹೇಳಿದ ಮಾತನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ನ್ಯಾಯಾಲಯ ಕೇಳಿದರೂ ಧರ್ಮಸಭೆಯ ಕಾನೂನು ಬಿಡುವುದಿಲ್ಲ. ಮೀರಿದವರಿಗೆ ಧರ್ಮಸಭೆಯಿಂದ ಬಹಿಷ್ಕಾರ ತಾನಾಗಿಯೇ ಬೀಳುತ್ತದೆ. ಪಟ್ಟಿ ಮಾಡಿಕೊಂಡು ಹೋದರೆ ಒಳ್ಳೆಯದು, ಹೋಗಿ ನಿಂತಾಗ ಎಲ್ಲ ಮರೆತುಹೋದರೆ ಗಾಬರಿ ಬೇಡ. ಬಹಳ ವರ್ಷವಾಯಿತು, ಎಲ್ಲಿಂದ ಶುರು ಮಾಡುವುದೆಂದು ಗೊತ್ತಿಲ್ಲ ಎಂದರೆ ಗುರುಗಳೇ ಒಂದೊಂದಾಗಿ ಕೇಳುತ್ತಾರೆ. ಮದುವೆಯ ವಿಷಯದಲ್ಲೋ ಇನ್ನಾವುದರಲ್ಲೋ ಬಿಡಿಸಲಾಗದ ಗಂಟಿದೆ ಎಂದಿದ್ದರೆ, ಸಂಸ್ಕಾರಕ್ಕೆ ಮೊದಲು ಗುರುಗಳೊಂದಿಗೆ ಸುಮ್ಮನೆ ಕುಳಿತು ಮಾತಾಡಬಹುದು, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಕೊಂಕಣಿಯೋ, ತುಳುವೋ, ಕನ್ನಡವೋ, ಮಲಯಾಳವೋ, ಬಾಯಿಗೆ ಬಂದ ಭಾಷೆಯಲ್ಲಿ ಹೇಳಿ. ಪಶ್ಚಾತ್ತಾಪದ ಪ್ರಾರ್ಥನೆ ಚಿಕ್ಕಂದಿನಲ್ಲಿ ಕಲಿತದ್ದು ಅರ್ಧಕ್ಕೇ ನಿಂತುಹೋದರೆ, ಉಳಿದರ್ಧವನ್ನು ಗುರುಗಳು ಹೇಳಿಕೊಡುತ್ತಾರೆ.